ಎಡಗಡೆಯ ಬ್ರೇಕು

ತಿಥಿಗೆ ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ ಹಾಲಿನವನು ಎಂದಿನಂತೆ ಬಾಗಿಲು ತಟ್ಟಿದ. ಪಾತ್ರೆ ಹಿಡಿದೆ. ಎಂದಿನಷ್ಟೇ ಅಳೆದು ಸುರಿದ. ಇನ್ನು ಇಷ್ಟು ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ, ಕೇಳಲು ಅವನಿಗೂ ಬರಲಿಲ್ಲ.

ಅಡುಗೆಮನೆಯ ಕಿಟಕಿಯಿಂದ ಶೆಡ್ಡು ಕಾಣುತ್ತದೆ. ಟ್ರ್ಯಾಕ್ಟರು ಅಲ್ಲೇ ನಿಂತಿತ್ತು. ಅವತ್ತು ಜನ ಸೇರಿ ಅದನ್ನೆತ್ತಿ ನನ್ನ ಗಂಡನನ್ನು ಹೊರಗೆಳೆದ ಮೇಲೆ, ಯಾರೋ ಎಡಗಡೆಯ ಹಿಂದಿನ ಚಕ್ರವನ್ನು ಹೇಗೋ ಸಿಕ್ಕಿಸಿ, ಎರಡೇ ನಟ್ಟು ಬಿಗಿದು ಹೋಗಿದ್ದರು. ಪಕ್ಕದಲ್ಲೇ ಜ್ಯಾಕು ಬಿದ್ದಿತ್ತು. ತಿರುವಿನಲ್ಲಿ ಪಂಚರ್ ಅಂಗಡಿ ಇಟ್ಟುಕೊಂಡಿರುವ ಹಿರಿಯರಿಂದ ನನ್ನ ಗಂಡ ಎರವಲು ತಂದದ್ದು. ಎಲ್ಲರಿಗೂ ಅವರು ಪಂಚರ್ ಮಾವ. ಅವತ್ತು ಜೊತೆಗಿದ್ದವರು ಅವರೊಬ್ಬರೇ. ‘ಜ್ಯಾಕ್ ಜಾರಿಬಿಡ್ತು’ ಎಂದು ಬಂದವರಿಗೆಲ್ಲ ಹೇಳಿದವರೂ ಅವರೇ. ಆಮೇಲೆ ಜ್ಯಾಕು ಕೇಳಲು ಬಂದಿರಲಿಲ್ಲ.

ಮೈದುನ ಅಣ್ಣನ ಹಳೆಯ ಅಂಗಿ ತೊಟ್ಟು ಹಿತ್ತಿಲ ಬಾಗಿಲಿಗೆ ಬಂದ. ಗ್ರೀಸಿನ ಕಲೆಗಳಿದ್ದ ಅಂಗಿ. ನಾನು ನೋಡಿದ್ದನ್ನು ನೋಡಿ ತೋಳು ಮಡಚಿಕೊಂಡ.

“ಇವತ್ತು ಮುಗಿಸಿಬಿಡ್ತೀನಿ ಅತ್ತಿಗೆ.”

“ಮೆಕ್ಯಾನಿಕ್ಕನ್ನ ಕರೆಸೋಣ.”

“ಅವನು ಬರೋ ಹೊತ್ತಿಗೆ ಬಿತ್ತಿದ ಪೈರೇ ಕೊಯ್ಲಿಗೆ ಬಂದಿರತ್ತೆ. ಬಲಗಡೆ ಅಣ್ಣ ಹೊಸ ಬ್ರೇಕ್ ಶೂ ಹಾಕಿ ಆಗಿದೆ. ಎಡಗಡೆದು ಸವೆದು ತಗಡಾಗಿದೆ. ಹೀಗೇ ಇಳಿಜಾರಲ್ಲಿ ಬ್ರೇಕ್ ಒತ್ತಿದ್ರೆ ಗಾಡಿ ಬಲಕ್ಕೆ ಎಳ್ಕೊಂಡು ಹೋಗಿ ಕಾಲುವೆಗೆ ಮಗುಚತ್ತೆ. ಅರ್ಧ ಬ್ರೇಕಿಗಿಂತ ಬ್ರೇಕೇ ಇಲ್ದಿರೋದು ವಾಸಿ.”

ಅವನು ಹೇಳಿದ್ದು ನಿಜ. ಹಾಗೆಯೇ ಬಿಡುವಂತಿರಲಿಲ್ಲ.

ಅತ್ತೆ ಅವನ ಹಿಂದೆಯೇ ಶೆಡ್ಡಿಗೆ ನಡೆದರು.

“ನೀನ್ಯಾಕಮ್ಮಾ, ಮೇಸ್ತ್ರಿನಾ?”

“ನಿನ್ನ ಪಾಡಿಗೆ ನೀನು ಕೆಲಸ ಮಾಡೋ. ನಾನು ಇಲ್ಲೇ ಕೂತಿರ್ತೀನಿ. ಕಣ್ಣೆದುರಿಗೆ ಇರು, ಅಷ್ಟೇ.”

ನಾನು ಪಾತ್ರೆ ತೊಳೆದೆ. ಜ್ಯಾಕಿನ ಹಿಡಿ ಏರಿಳಿಯುವ ಸದ್ದು ಕೇಳುತ್ತಿತ್ತು. ನಂತರ ನಟ್ಟುಗಳು. ನಂತರ ಚಕ್ರವನ್ನು ಉರುಳಿಸಿ ಗೋಡೆಗೆ ಒರಗಿಸಿದ ಸದ್ದು. ಅವತ್ತೂ ಇದೇ ಸದ್ದುಗಳು ಇದೇ ಕ್ರಮದಲ್ಲಿ ಬಂದಿದ್ದವು. ಕೈಯಲ್ಲಿದ್ದ ಲೋಟವನ್ನು ಮತ್ತೆ ಮತ್ತೆ ತೊಳೆಯುತ್ತಿದ್ದೇನೆ ಎಂದು ತಿಳಿದಾಗ ನಲ್ಲಿ ನಿಲ್ಲಿಸಿದೆ.

ಚಹಾ ತೆಗೆದುಕೊಂಡು ಹೋದೆ. ಮೈದುನ ಆಕ್ಸೆಲ್ಲಿನ ಕೆಳಗೆ ಭುಜದವರೆಗೆ ತೂರಿಕೊಂಡು ಮಲಗಿದ್ದ, ಬ್ರೇಕಿನ ಕಡ್ಡಿ ಬಿಚ್ಚುತ್ತಿದ್ದ. ಬ್ರೇಕ್ ಡ್ರಮ್ಮಿನಿಂದ ತೊಟ್ಟಿಕ್ಕುವ ಎಣ್ಣೆಗೆ ಅಡಿಯಲ್ಲಿ ಖಾಲಿ ಬಣ್ಣದ ಡಬ್ಬ ಇಟ್ಟಿದ್ದ.

“ಸಕ್ಕರೆ ಹಾಕಿದ್ದೀರಾ ಅತ್ತಿಗೆ, ಇಲ್ಲ ಮರ್ತಿದ್ದೀರಾ?” ಒಳಗಿನಿಂದಲೇ ಕೇಳಿದ.

“ಕುಡಿದು ಹೇಳು.”

“ಗೊತ್ತಾಯ್ತು ಬಿಡಿ.”

ಅತ್ತೆ ನಕ್ಕರು. ಎಷ್ಟೋ ದಿನಗಳ ಮೇಲೆ ಕೇಳಿದ ನಗು. ಲೋಟ ಕೊಡಲು ಅವರತ್ತ ತಿರುಗಿದೆ.

ಅವರು ದಿಮ್ಮಿಯ ಮೇಲೆ ಕೂತಿದ್ದರು.

ಹಳೆಯ ಮರದ ದಿಮ್ಮಿ, ಮಂಡಿಯುದ್ದ ಇದೆ. ಜ್ಯಾಕಿನಿಂದ ಎತ್ತಿದ ಮೇಲೆ ಆಕ್ಸೆಲ್ಲಿನ ಕೆಳಗೆ ಇಡುವುದಕ್ಕೆಂದೇ ನನ್ನ ಗಂಡ ಗರಗಸದಲ್ಲಿ ಕುಯ್ದದ್ದು. ಶೆಡ್ಡಿನಲ್ಲಿ ಬೇರೆ ಆಸನವಿಲ್ಲ. ಬಂದವರೆಲ್ಲ ಅದರ ಮೇಲೆಯೇ ಕೂರುತ್ತಾರೆ. ಕೂತೂ ಕೂತೂ ಮೇಲ್ಭಾಗ ನುಣುಪಾಗಿದೆ. ಅವತ್ತು ಚಹಾ ಕೊಡಲು ಬಂದಾಗ ಪಂಚರ್ ಮಾವ ಅದರ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಏನೋ ಹಳೆಯ ಲಾರಿಯ ಕತೆ ಹೇಳುತ್ತಿದ್ದರು. ಕೆಳಗಿನಿಂದ ನನ್ನ ಗಂಡ ಹೂಂಗುಡುತ್ತಿದ್ದರು.

ದೊಡ್ಡವರು ಕೂತಿದ್ದರೆ ಏಳಿಸುವ ಮನುಷ್ಯ ಅಲ್ಲ ನನ್ನ ಗಂಡ. ಬಸ್ಸಿನಲ್ಲಿ ಕಂಡಕ್ಟರನಿಗೂ ಸೀಟು ಬಿಟ್ಟುಕೊಡುತ್ತಾನೆ ಎಂದು ಮೈದುನ ಆಡಿಕೊಳ್ಳುತ್ತಿದ್ದ. ಆದರೆ ತಾಯಿ ಕೂತಿರುವಾಗ ಏಳಿಸಲು ಇವನಿಗೂ ಮನಸ್ಸು ಬಂದಿರಲಿಲ್ಲ.

ಡಬ್ಬದ ಕಡೆ ನೋಡಿದೆ. ಡ್ರಮ್ಮು ಅದರ ಅಂಚಿಗೆ ತಾಗಿತ್ತು. ಇಟ್ಟಾಗ ಹಾಗೆ ತಾಗಿದ್ದರೆ ಡಬ್ಬ ಒಳಗೆ ಹೋಗುತ್ತಲೇ ಇರಲಿಲ್ಲ. ನೋಡುತ್ತಿದ್ದಂತೆ ತಗಡಿನ ಅಂಚು ಸಣ್ಣಗೆ ಮಣಿಯಿತು. ಸದ್ದಾಗಲಿಲ್ಲ.

“ಹೊರಗೆ ಬಾ,” ಎಂದೆ.

“ಒಂದೇ ನಟ್ಟು ಅತ್ತಿಗೆ.”

“ಈಗ ಬಾ. ಅತ್ತೆ, ಏಳಿ.”

“ಯಾಕೆ? ಈಗಷ್ಟೇ ಕೂತಿದೀನಿ, ನನ್ನ ಮಂಡಿ…”

“ಏಳಿ.”

ಈ ಮನೆಗೆ ಬಂದ ಮೇಲೆ ಅವರೊಡನೆ ನಾನು ಹಾಗೆ ಮಾತಾಡಿದ್ದಿಲ್ಲ. ಅವರು ಕೂತೇ ಇದ್ದರು. ರಟ್ಟೆ ಹಿಡಿದು ಎಬ್ಬಿಸಿದೆ. ಚಹಾ ಚೆಲ್ಲಿತು. ದಿಮ್ಮಿಯನ್ನು ಉರುಳಿಸಿಕೊಂಡು ಹೋದೆ. ಮೈದುನ ಡಬ್ಬವನ್ನು ನೋಡಿದ, ತೆವಳಿ ಈಚೆ ಬಂದ, ಜ್ಯಾಕಿನ ಹಿಡಿ ಒತ್ತಿ ಗಾಡಿಯನ್ನು ಎರಡು ಬೆರಳಷ್ಟು ಮೇಲೆತ್ತಿದ. ದಿಮ್ಮಿಯನ್ನು ನೆಟ್ಟಗೆ ನಿಲ್ಲಿಸಿ ಆಕ್ಸೆಲ್ಲಿನ ಕೆಳಗೆ ತಳ್ಳಿದೆವು. ಅಷ್ಟು ಭಾರ ಎಂದು ಗೊತ್ತಿರಲಿಲ್ಲ.

ಮೂವರೂ ನೋಡುತ್ತ ನಿಂತೆವು. ಯಾರೂ ಮುಟ್ಟಲಿಲ್ಲ. ನಡುವೆ ಉಳಿದಿದ್ದ ಎರಡು ಬೆರಳಿನ ಸಂದು ಒಂದು ಬೆರಳಾಯಿತು. ಆಮೇಲೆ ಆಕ್ಸೆಲ್ಲು ದಿಮ್ಮಿಯ ಮೇಲೆ ಬಂದು ಕೂತಿತು. ಮರ ಒಮ್ಮೆ ನರಳಿತು.

“ಜಾರಲಿಲ್ಲ ಇದು,” ಎಂದ ಮೈದುನ. “ಇಳೀತಾ ಇದೆ.”

ಭಾರ ಹೊರಬೇಕಾದ ಒಳಗಿನ ಎಣ್ಣೆ ಜ್ಯಾಕಿನ ಕತ್ತಿನ ಸುತ್ತ ಜಿನುಗಿ ಹೊಳೆಯುತ್ತಿತ್ತು.

ಅತ್ತೆ ದಿಮ್ಮಿಯನ್ನೇ ನೋಡುತ್ತಿದ್ದರು. “ಅವತ್ತು ಇದು ಎಲ್ಲಿತ್ತು?” ಎಂದು ಕೇಳಿದರು. ಅವರು ಮತ್ತೆ ಎಲ್ಲೂ ಕೂರಲಿಲ್ಲ. ಕೆಲಸ ಮುಗಿಯುವವರೆಗೂ ಗೋಡೆಗೆ ಒರಗಿ ನಿಂತೇ ಇದ್ದರು.

ಸಂಜೆಯ ಹೊತ್ತಿಗೆ ಮೈದುನ ಟ್ರ್ಯಾಕ್ಟರನ್ನು ಅಂಗಳದಲ್ಲಿ ಓಡಿಸಿ ಬ್ರೇಕು ಒತ್ತಿದ. ನೆಟ್ಟಗೆ ನಿಂತಿತು. ನಾನು ಜ್ಯಾಕನ್ನು ಗೋಣಿಚೀಲದಲ್ಲಿ ಸುತ್ತಿ ಎತ್ತಿಕೊಂಡೆ.

“ನಾನು ಕೊಟ್ಟು ಬರ್ತೀನಿ ಅತ್ತಿಗೆ.”

“ನೀನು ಬೇಡ.”

ಪಂಚರ್ ಮಾವ ಟ್ಯೂಬೊಂದನ್ನು ನೀರಿನ ತೊಟ್ಟಿಯಲ್ಲಿ ಅದುಮಿ ಗುಳ್ಳೆ ಹುಡುಕುತ್ತಿದ್ದರು. ನನ್ನನ್ನು ನೋಡಿ ಕೈ ಒರೆಸಿಕೊಂಡು ಎದ್ದರು. ತಮ್ಮ ಸ್ಟೂಲನ್ನು ನನ್ನ ಕಡೆ ಸರಿಸಿದರು.

“ಕೂತ್ಕೋ ಮಗಳೇ. ಇದಕ್ಕೇನು ಅವಸರ ಇತ್ತು.”

“ಇದು ಇಳಿಯುತ್ತೆ, ಮಾವ.”

ಅವರು ಬಗ್ಗಿ ಟ್ಯೂಬನ್ನು ಮತ್ತೆ ತೊಟ್ಟಿಯ ನೀರಿಗೆ ಅದುಮಿದರು. “ಗೊತ್ತು. ಅವನಿಗೂ ಹೇಳಿದ್ದೆ. ಅಡಿಗೆ ಏನಾದ್ರೂ ಇಟ್ಕೋ, ನಂಬಬೇಡ ಅಂದಿದ್ದೆ. ಕೆಲಸ ಶುರು ಮಾಡುವಾಗ್ಲೇ ಹೇಳಿದ್ದೆ.”

“ಎಲ್ಲಿ ಕೂತು ಹೇಳಿದ್ರಿ?”

ಅದುಮಿದ್ದ ಕೈ ಸಡಿಲಿ ಟ್ಯೂಬು ಮೆಲ್ಲಗೆ ಮೇಲೆದ್ದು ತೇಲಿತು.

ಸ್ಟೂಲು ನಮ್ಮಿಬ್ಬರ ನಡುವೆ ಖಾಲಿ ಇತ್ತು. ಅದರ ಮೇಲೆ ಜ್ಯಾಕನ್ನು ಇಟ್ಟೆ. ಗೋಣಿಚೀಲ ನಮ್ಮದು, ಅದನ್ನು ಬಿಚ್ಚಿ ಮಡಚಿಕೊಂಡು ಬಂದೆ.