ಬಣ್ಣಗುರುಡಿ

"ನೀರು ಕೇಳ್ಬೇಡ," ಎಂದಳು ಪರೀಕ್ಷಕಿ. "ಕೊಟ್ಟಿರೋದ್ರಲ್ಲೇ ಮಾಡಿ ತೋರ್ಸು."

ಹುಡುಗಿಯ ಮುಂದೆ ಒಂದು ಗಾಜಿನ ತಟ್ಟೆ, ಅದರಲ್ಲಿ ಚಿಟಿಕೆಯಷ್ಟು ಸಿಟ್ರಿಕ್ ಆಮ್ಲದ ಹರಳು, ಪಕ್ಕದಲ್ಲಿ ನೀಲಿ ಲಿಟ್ಮಸ್ ಕಾಗದದ ಪಟ್ಟಿ. ಇಷ್ಟೇ. ಮಿಕ್ಕವರಿಗೆಲ್ಲ ಬೆವರಿಳಿಸುವ ಪ್ರಶ್ನೆ ಕೇಳಿದಾಕೆ ಈ ಹುಡುಗಿಗೆ ಮಾತ್ರ ಚಿಕ್ಕ ಮಕ್ಕಳ ಆಟಿಕೆ ಕೊಟ್ಟದ್ದು ನೋಡಿ ಅವಳ ಅಪ್ಪನಿಗೆ ನಗು ಬಂತು. ಆತ ಅದೇ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರು. ಮಗಳ ಸರದಿ ಬಂದಾಗ ಎದ್ದು ಹೊರಗೆ ಹೋಗಬೇಕೆಂಬುದು ನಿಯಮ. ನಿಯಮವಿರುವುದು ಊರಿನ ಮಕ್ಕಳಿಗಲ್ಲವೇ? ಬೇರೆ ಕಾಲೇಜಿನಿಂದ ಬಂದ ಪರೀಕ್ಷಕಿಯ ಪಕ್ಕದಲ್ಲೇ ಅವರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು.

"ನನ್ನ ಮಗಳು ಅಂತ ದಾಕ್ಷಿಣ್ಯ ಮಾಡ್ಕೋಬೇಡಿ ಮೇಡಮ್," ಎಂದರು.

"ಮಾಡ್ಕೊಂಡಿಲ್ಲ ಸರ್."

ಅದಂತೂ ನಿಜ. ಆ ಹುಡುಗಿಯನ್ನು ನಪಾಸು ಮಾಡಬೇಕೆಂದೇ ಅವಳು ಬಂದಿದ್ದಳು. ಇದರಲ್ಲಿ ಬಿದ್ದರೆ ಹುಡುಗಿಗೆ ಒಂದು ವರ್ಷವೇ ಹೋಗುತ್ತದೆ. ಹೋಗಲಿ. ಮಕ್ಕಳ ಕಣ್ಣೀರು ನೋಡುವುದು ಎಂಥದ್ದೆಂದು ಈ ಅಪ್ಪನಿಗೂ ತಿಳಿಯಲಿ.

ಪರೀಕ್ಷಕಿಯೂ ಹಿಂದೆ ಇದೇ ಕೋಣೆಯಲ್ಲಿ, ಇದೇ ಕಪ್ಪು ಕಲ್ಲಿನ ಮೇಜಿನ ಮುಂದೆ, ಇದೇ ಮೇಷ್ಟ್ರ ಕೈಕೆಳಗೆ ಕಲಿತವಳು. ಒಂದು ದಿನ ಪ್ರಯೋಗಾಲಯದ ನಲ್ಲಿಯಲ್ಲಿ ನೀರು ಬಂದಿರಲಿಲ್ಲ. ಒಣ ಹರಳಿಗೆ ಒಣ ಕಾಗದ ತಾಗಿಸಿದರೆ ಯಾರದ್ದೂ ಬಣ್ಣ ತಿರುಗಲಿಲ್ಲ. ಇಡೀ ತರಗತಿ ಪುಸ್ತಕ ನೋಡಿ 'ಕೆಂಪಾಯಿತು' ಎಂದು ಬರೆದು ಪಾರಾಯಿತು. ಅವಳೊಬ್ಬಳು 'ನೀಲಿಯೇ ಇದೆ' ಎಂದು ಬರೆದಳು. ಮೇಷ್ಟ್ರು ಅವಳ ಕೈಯಲ್ಲಿದ್ದ ಕಾಗದವನ್ನು ಕಣ್ಣೆತ್ತಿ ನೋಡುವ ಗೋಜಿಗೂ ಹೋಗಲಿಲ್ಲ. ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, "ನೋಡ್ರಪ್ಪಾ, ನಮ್ಮ ಬಣ್ಣಗುರುಡಿ!" ಎಂದರು. ಎಲ್ಲರೂ ನಕ್ಕರು. ಸುಳ್ಳು ಬರೆದವರು ಸ್ವಲ್ಪ ಜಾಸ್ತಿಯೇ ನಕ್ಕರು.

ಆ ಹೆಸರು ಅಂಟಿದ್ದು ಬಿಡಲಿಲ್ಲ. ಅವಳ ಅಪ್ಪ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದ. ಕಣ್ಣು ಚೆನ್ನಾಗಿದೆ ಎಂದರು ಡಾಕ್ಟರು. ಆದರೆ ಊರ ಬಾಯಿಗೆ ಡಾಕ್ಟರು ಎಲ್ಲಿ ಮುಚ್ಚಳ ಹಾಕಿಯಾರು? ಮದುವೆಗೆ ಗೊತ್ತಾಗಿದ್ದ ಗಂಡು, ಹುಡುಗಿಗೆ ದೃಷ್ಟಿದೋಷವಂತೆ ಎಂದು ಹಿಂದೆ ಸರಿದ. ಅಂದಿನಿಂದ ಅವಳು ಈ ಮನುಷ್ಯನ ಮೇಲೆ ಹಲ್ಲು ಮಸೆಯುತ್ತಲೇ ಓದಿದಳು, ತಾನೂ ಮೇಷ್ಟ್ರಾದಳು. ಈಗ ನೋಡಿದರೆ ಆತನಿಗೆ ಅವಳ ಗುರುತೇ ಇಲ್ಲ. ಬೆಳಿಗ್ಗೆ ನಗುನಗುತ್ತಾ ಕಾಫಿ ಬೇರೆ ತರಿಸಿಕೊಟ್ಟಿದ್ದ. ಅದೇ ಅವಳಿಗೆ ಹೆಚ್ಚು ಉರಿದದ್ದು.

ಹುಡುಗಿ ಕಾಗದವನ್ನು ಹರಳಿಗೆ ಒತ್ತಿದಳು. ಪುಸ್ತಕದಲ್ಲಿದ್ದಂತೆ ಕೆಂಪು ಎಂದರೆ ಮುಗಿಯಿತು. ಇಷ್ಟು ವರ್ಷ ನಾಲಿಗೆಯ ತುದಿಯಲ್ಲಿ ಕಾಪಿಟ್ಟುಕೊಂಡಿದ್ದ ಆ ಹೆಸರನ್ನು ಅವಳು ಹಾಗೇ ಹುಡುಗಿಗೆ ದಾಟಿಸುವವಳಿದ್ದಳು, ಅಪ್ಪನ ಎದುರಿಗೇ.

"ಯಾವ ಬಣ್ಣ?"

ಹುಡುಗಿ ಕಾಗದ ನೋಡಿದಳು, ಅಪ್ಪನನ್ನು ನೋಡಿದಳು. ಮೇಷ್ಟ್ರ ತುಟಿ ಸದ್ದಿಲ್ಲದೆ 'ಕೆಂಪು' ಎಂದಿತು.

"ನೀಲಿ," ಎಂದಳು ಹುಡುಗಿ. "ಬದಲಾಗ್ಲಿಲ್ಲ ಮೇಡಮ್."

"ಏ, ಕಣ್ಣು ಕಾಣಲ್ವೇನೆ ನಿಂಗೆ?" ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. "ಆಮ್ಲಕ್ಕೆ ಹಾಕಿದ್ರೆ ನೀಲಿ ಇರುತ್ತಾ? ಬಣ್ಣಗುರುಡಿ!"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹುಡುಗಿಯ ಕಿವಿ ಕೆಂಪಾಯಿತು. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರಲ್ಲ, ಹಾಗಾಯಿತು ಮೇಷ್ಟ್ರ ಕಥೆ. ಪರೀಕ್ಷಕಿ ಕಾಪಿಟ್ಟಿದ್ದ ಮಾತನ್ನು ಅವರೇ ಕಸಿದುಕೊಂಡು ಸ್ವಂತ ಮಗಳಿಗೆ ಎಸೆದಿದ್ದರು. ಸ್ಟೂಲಿನ ಮೇಲೆ ನಿಂತು ಕೇಳಿಸಿಕೊಂಡ ನಗು ಪರೀಕ್ಷಕಿಗೆ ಮತ್ತೆ ನೆನಪಾಯಿತು. ಹುಡುಗಿಯ ಮೇಲಿನ ಹಗೆ ಅಲ್ಲಿಗೆ ಮುಗಿಯಿತು. ಮೇಷ್ಟ್ರ ಮೇಲಿನದು ದುಪ್ಪಟ್ಟಾಯಿತು.

"ಯಾಕೆ ಬದಲಾಗ್ಲಿಲ್ಲ? ಹೇಳಮ್ಮ," ಎಂದಳು.

"ನೀರಿಲ್ವಲ್ಲ ಮೇಡಮ್. ಒಣ ಹರಳಲ್ಲಿ ಹೈಡ್ರೋಜನ್ ಬಿಟ್ಕೊಂಡು ಬರಲ್ಲ. ನೀರಿಗೆ ಬಿದ್ರೇನೇ ಅದು ಅಯಾನಾಗೋದು, ಆಗ್ಲೇ ಕಾಗದ ಕೆಂಪಾಗೋದು. ಪ್ರತ್ಯಾಮ್ಲಾನೂ ಹಂಗೇ, ನೀರು ಸಿಕ್ಕಿದ್ಮೇಲೇನೇ ಅದರ ಹೈಡ್ರಾಕ್ಸೈಡ್ ಅಯಾನು ಬಿಡಿಯಾಗಿ ಓಡಾಡೋದು."

"ಸುಮ್ನೆ ಏನೋ ಒದರ್ತಾಳೆ," ಎಂದರು ಮೇಷ್ಟ್ರು.

"ಹಾಗಾದ್ರೆ ನೀವೇ ಮಾಡಿ ತೋರ್ಸಿ ಸರ್." ಪರೀಕ್ಷಕಿ ಇನ್ನೊಂದು ಪಟ್ಟಿ ಮುಂದಿಟ್ಟಳು. "ಮಕ್ಕಳೂ ನೋಡ್ಲಿ."

ಮೇಷ್ಟ್ರು ಪಟ್ಟಿಯ ತುದಿ ಹಿಡಿದು ಹರಳಿಗೆ ಒತ್ತಿದರು. ನೀಲಿ. ಮತ್ತೆ ಒತ್ತಿದರು. ನೀಲಿ. ಈಗ ಯಾರೂ ನಗಲಿಲ್ಲ. ಅವರ ಹಣೆಯಲ್ಲಿ ಬೆವರು ಒಡೆಯಿತು. ಬೆರಳುಗಳಿಂದ ಒರೆಸಿಕೊಂಡು, ಹರಳನ್ನು ಹೆಬ್ಬೆರಳಿನಿಂದಲೇ ಕಾಗದಕ್ಕೆ ಹಾಕಿ ತಿಕ್ಕಿದರು.

"ನೋಡಿ! ಕೆಂಪು!" ಗೆದ್ದವರ ಹಾಗೆ ಎತ್ತಿ ಹಿಡಿದರು.

ಪಟ್ಟಿ ನೀಲಿಯೇ ಇತ್ತು. ನಡುವೆ ಒಂದು ಹೆಬ್ಬೆರಳಿನ ಗುರುತು ಮಾತ್ರ ಕೆಂಪಗೆ ಮೂಡಿತ್ತು.

ಕಾಲೇಜಿನಲ್ಲಿ ಅಪ್ಪ ಅನ್ನಬಾರದು, ಸರ್ ಅನ್ನಬೇಕು ಎಂಬುದು ಅವರ ಮನೆಯ ಕಟ್ಟಪ್ಪಣೆ. ಹುಡುಗಿ ಅದನ್ನು ಮರೆತಳು.

"ಅಪ್ಪಾ, ನಿಮ್ಮ ಕೈ ಬೆವೆತಿದೆ," ಎಂದಳು ಮೆಲ್ಲಗೆ.

ಮೇಷ್ಟ್ರು ತಮ್ಮ ಹೆಬ್ಬೆರಳು ನೋಡಿಕೊಂಡರು.

"ಅವತ್ತೂ ನಲ್ಲೀಲಿ ನೀರು ಬಂದಿರ್ಲಿಲ್ಲ ಸರ್," ಎಂದಳು ಪರೀಕ್ಷಕಿ. "ನನ್ನನ್ನ ಸ್ಟೂಲ್ ಮೇಲೆ ನಿಲ್ಸಿದ್ರಿ. ನೆನಪಿದ್ಯಾ?"

ಅವರು ಅವಳ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದರು.

"ಈ ಹುಡುಗಿ ಹೇಳಿದ್ದು ಸರೀನೋ ತಪ್ಪೋ, ನೀವೇ ಹೇಳಿ. ಎಲ್ಲರಿಗೂ ಕೇಳ್ಸೋ ಹಾಗೆ."

ಅವಳು ಕಾದಳು, ಕಾಯುವುದು ಅವಳಿಗೆ ಹೊಸತಲ್ಲ.

"ಅವಳು ಹೇಳಿದ್ದೇ ಸರಿ," ಎಂದರು ಕೊನೆಗೆ, ನೆಲ ನೋಡುತ್ತಾ.

ಅವಳು ಇಷ್ಟು ವರ್ಷ ಕಾದದ್ದು ಇದೇ ಮಾತಿಗೆ. ಬಂತು, ಇನ್ನೊಬ್ಬಳ ಪಾಲಿಗೆ. ಹುಡುಗಿಗೆ ಪೂರ್ತಿ ಅಂಕ ಬರೆದಳು. ಮನಸ್ಸು ತಣ್ಣಗಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ.

ಎದ್ದು ಹೋಗಿ ಮೂಲೆಯ ನಲ್ಲಿ ತಿರುಗಿಸಿದಳು. ಇವತ್ತು ನೀರು ಧೋ ಎಂದು ತೊಟ್ಟಿಗೆ ಬಿತ್ತು. ಮೇಷ್ಟ್ರು ಕೈ ತೊಳೆಯಲೆಂದು ಇತ್ತ ಎರಡು ಹೆಜ್ಜೆ ಬಂದವರು ಅವಳು ಅಡ್ಡ ನಿಂತದ್ದು ನೋಡಿ ಅಲ್ಲೇ ನಿಂತರು. ಅವಳು ನಲ್ಲಿ ನಿಲ್ಲಿಸದೆ, ಪಕ್ಕಕ್ಕೂ ಸರಿಯದೆ, ಮುಂದಿನವರ ಹೆಸರು ಕೂಗಿದಳು.