ಮೂಲೆಯ ಕಂಪ್ಯೂಟರಿನ ಕುಕೀ

ಚಿಂತಾಮಣಿಯ ಪ್ರೈಮರಿ ಶಾಲೆಯ ಟೀಚರ್ ಲಕ್ಷ್ಮಿದೇವಮ್ಮನಿಗೆ ಮಗಳು ಉಳಿಸಿಹೋಗಿದ್ದು ಒಂದು ಇ-ಮೇಲ್ ಮತ್ತು ಅದರ ಪಾಸ್‌ವರ್ಡ್, ಅಷ್ಟೇ. ಶ್ಯಾಮಲ ಮೆಚ್ಚಿದವನನ್ನು ಕಟ್ಟಿಕೊಂಡು ಹೈದರಾಬಾದಿಗೆ ಹೋದಾಗ, ಅವಳ ಹೆಸರೆತ್ತಕೂಡದೆಂದು ಗಂಡ ಚೆನ್ನರಾಯಪ್ಪ ಕಡ್ಡಿ ಮುರಿದಂತೆ ಹೇಳಿದ್ದ. ಅಪ್ಪ ಹುಡುಕಿಕೊಂಡು ಬಂದಾನೆಂಬ ಹೆದರಿಕೆಗೆ ಅವಳು ಮನೆಯ ವಿಳಾಸವನ್ನೂ ಕೊಟ್ಟಿರಲಿಲ್ಲ. ತಾಯಿ ಮಗಳಿಬ್ಬರಿಗೂ ಒಂದೇ ಮೇಲ್ ಪೆಟ್ಟಿಗೆ. ಅದರಿಂದ ಅದಕ್ಕೇ ಬರೆಯುವುದು, ಇವಳು ಬರೆದದ್ದನ್ನು ಅಲ್ಲಿ ಅವಳು ತೆರೆಯುವುದು, ಅವಳದ್ದನ್ನು ಇಲ್ಲಿ ಇವಳು. ಇನ್ನೊಂದು ಖಾತೆ ಮಾಡಬಹುದೆಂದು ಇಬ್ಬರಿಗೂ ಹೊಳೆಯಲಿಲ್ಲ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಲಕ್ಷ್ಮಿದೇವಮ್ಮ ವೆಂಕಟೇಶನ ಇಂಟರ್‌ನೆಟ್ ಸೆಂಟರಿಗೆ ಹೋಗುತ್ತಿದ್ದಳು. ರಸ್ತೆಗೆ ಕಾಣದ ಮೂಲೆಯ ಕಂಪ್ಯೂಟರೇ ಆಗಬೇಕು. ೧೯೯೯ರ ಜುಲೈಯಲ್ಲಿ ತುಂಬು ಬಸುರಿ ಶ್ಯಾಮಲ, ಹೆರಿಗೆಗೆ ಬಾ ಎಂದು ಬರೆದಳು. 'ನಿಮ್ಮಪ್ಪನಿಗೆ ಏನಂತ ಹೇಳಿ ಬರ್ಲಿ? ನೋಡಣ ಇರು' ಎಂದು ಇವಳು ಉತ್ತರಿಸಿದಳು.

ಮುಂದಿನ ಶನಿವಾರ ಪಾಸ್‌ವರ್ಡ್ ಹೊಡೆದರೆ ಪುಟ ತಿರುಗಿ ಅದನ್ನೇ ಕೇಳಿತು. ನಾಲ್ಕು ಸಲ ಹೊಡೆದಳು. ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲಿತ್ತು, ಕಣ್ಣು ತುಂಬಿಕೊಂಡವಳಿಗೆ ಅದೆಲ್ಲಿ ಕಾಣಬೇಕು! ಮಗಳು ಮುನಿಸಿಕೊಂಡು ಪಾಸ್‌ವರ್ಡ್ ಬದಲಾಯಿಸಿದ್ದಾಳೆ, ತನ್ನನ್ನು ಹೊರಗೆ ಹಾಕಿದ್ದಾಳೆ ಎಂದುಕೊಂಡಳು. ಗುಟ್ಟಿನ ವಿಷಯ, ಯಾರನ್ನು ಕೇಳುವುದು? ಇನ್ನೆರಡು ಶನಿವಾರ ನೋಡಿ ಹೋಗುವುದನ್ನೇ ಬಿಟ್ಟಳು.

ಅಕ್ಟೋಬರಿನಲ್ಲಿ ವೆಂಕಟೇಶ ದಾರಿಯಲ್ಲಿ ಸಿಕ್ಕಿದ.

"ಏನ್ ಮೇಡಂ, ಈಚೆಗೆ ಬರ್ತಾನೇ ಇಲ್ಲ?"

"ಪಾಸ್‌ವರ್ಡ್ ತಗೊಳ್ಳಲ್ಲ ಕಣಪ್ಪ." ಬಾಯಿತಪ್ಪಿ ಬಂದುಬಿಟ್ಟಿತು.

"ಮೂಲೇದ್ರಲ್ಲಾ?" ಅವನು ನಾಲಿಗೆ ಕಚ್ಚಿಕೊಂಡ. "ಅಯ್ಯೋ! ಒಬ್ಬರ ಇ-ಮೇಲು ಇನ್ನೊಬ್ಬರಿಗೆ ತೆರ್ಕೊಂತು ಅಂತ ಗಲಾಟೆ ಆಯ್ತು, ಮೂರು ಕಂಪ್ಯೂಟರಲ್ಲೂ ಕುಕೀ ಆಫ್ ಮಾಡ್ದೆ. ಬಂದೋರು ಯಾರು ಅಂತ ಸೈಟು ಕಂಪ್ಯೂಟರಲ್ಲಿ ಇಡೋ ಗುರುತು ಅದು. ಅದಿಲ್ದಿದ್ರೆ ಸರಿಯಾದ್ ಪಾಸ್‌ವರ್ಡ್ ಹೊಡೆದ್ರೂ ಒಳಗೆ ಬಿಡಲ್ಲ. ಜನ ಬೈದ್ರು, ಎರಡರಲ್ಲಿ ಮತ್ತೆ ಆನ್ ಮಾಡ್ದೆ. ಅದೊಂದು ಮರ್ತೇಬಿಟ್ಟೆ ಮೇಡಂ."

ಮರೆತನಂತೆ, ಮಹಾರಾಯ! ಸೆಂಟರಿಗೆ ಕರೆದುಕೊಂಡು ಹೋಗಿ ಸೆಟ್ಟಿಂಗಿನಲ್ಲಿ ಒಂದು ಕಡೆ ಒತ್ತಿದ. ಹಳೆಯ ಪಾಸ್‌ವರ್ಡಿಗೇ ಪೆಟ್ಟಿಗೆ ತೆರೆಯಿತು. ಒಳಗೆ ಮೂರು ಪತ್ರ.

'ಅಮ್ಮ, ಈ ಸಲ ವಿಳಾಸ ಬರೆದಿದ್ದೀನಿ, ಬಂದ್ಬಿಡು.'

'ಅಮ್ಮ, ಹೆಣ್ಣು ಮಗು. ಕಿವಿ ನಿನ್ನ ಥರಾನೇ.'

ಕೊನೆಯದು ಸೆಪ್ಟೆಂಬರಿನದು. 'ನೀನೂ ಅಪ್ಪನ ಕಡೇನೇ ಅಂತ ಗೊತ್ತಾಯ್ತು. ನಾಳೆ ಈ ಊರು ಬಿಡ್ತಿದ್ದೀವಿ. ಇನ್ಮೇಲೆ ಇದನ್ನ ತೆಗೆಯಲ್ಲ.'

ಲಕ್ಷ್ಮಿದೇವಮ್ಮ ಅಲ್ಲೇ ಬಿಕ್ಕಿಬಿಕ್ಕಿ ಅತ್ತಳು. ಯಾರು ನೋಡಿದರೇನು, ಇನ್ನು ಯಾವ ಗುಟ್ಟು ಉಳಿದಿತ್ತು? ಆಮೇಲೆ ಕಣ್ಣೊರೆಸಿಕೊಂಡು ಬರೆದಳು. 'ನೀನೇ ನನ್ನ ಬೇಡ ಅಂದೆ ಅಂದ್ಕೊಂಡಿದ್ದೆ ಕಣೇ. ಎಲ್ಲಿದ್ದೀಯ ಹೇಳಮ್ಮ, ಯಾರನ್ನೂ ಕೇಳಲ್ಲ, ಬರ್ತೀನಿ.'

ಕಳಿಸಿದ ಕೂಡಲೇ ಅದು ಅದೇ ಪೆಟ್ಟಿಗೆಗೆ ಬಂದು, ಯಾರೂ ಓದಿಲ್ಲವೆಂದು ದಪ್ಪಕ್ಷರದಲ್ಲಿ ಕೂತಿತು. ತಾನು ತೆರೆದರೆ ದಪ್ಪಕ್ಷರ ಹೋಗುತ್ತದೆ, ಮಗಳು ಓದಿದಳೋ ಇಲ್ಲವೋ ತಿಳಿಯುವುದಿಲ್ಲ ಎಂದು ಅವಳು ಅದನ್ನು ಮುಟ್ಟಲಿಲ್ಲ.

ಅಂದಿನಿಂದ ಒಂದು ಶನಿವಾರವೂ ತಪ್ಪಿಸಲಿಲ್ಲ. ಡಿಸೆಂಬರಿನ ಕೊನೆಯ ಶನಿವಾರವೂ ಹೋದಳು. ಹೊಸ ಪತ್ರ ಒಂದಿತ್ತು, ತಾನೇ ಬರೆದದ್ದು, ಇನ್ನೂ ದಪ್ಪಕ್ಷರದಲ್ಲೇ.