ಪಟ್ಟದ ಮರದ ಸುತ್ತಳತೆ

ಹೆಸರು ಹೇಳಿ ಪ್ರಯೋಜನವಿಲ್ಲದ ಒಂದು ರಾಜ್ಯ. ಅಲ್ಲಿ ಹಗಲೆಲ್ಲ ಇಟ್ಟಿಗೆ ಗೂಡುಗಳು ಉರಿಯುತ್ತಿದ್ದವು, ಆ ಹೊಗೆಯನ್ನು ಗುಡ್ಡದ ಮೇಲಿನ ಕಾಡು ಕುಡಿಯುತ್ತಿತ್ತು. ಕುಡಿದದ್ದನ್ನು ಮರಗಳು ಒಡಲೊಳಗೆ ಚೇಗು ಎಂಬ ಗಟ್ಟಿ ತಿರುಳು ಮಾಡಿ ಬಚ್ಚಿಟ್ಟುಕೊಳ್ಳುತ್ತಿದ್ದವು. ಊರು ಉಸಿರಾಡಿಕೊಂಡಿತ್ತು. ಇಷ್ಟು ಸರಳವಾದ ಏರ್ಪಾಡನ್ನೂ ಕೆಡಿಸಬಹುದೇ ಅಂದರೆ, ಧಾರಾಳವಾಗಿ ಕೆಡಿಸಬಹುದು.

ಕಾಡು ಎಷ್ಟು ಹೊಗೆ ಕುಡಿಯಿತೆಂದು ತಿಳಿಯಲು ವರ್ಷಕ್ಕೊಮ್ಮೆ ಅಳತೆಯ ದಿನ. ಅಂದು ಅಧಿಕಾರಿ ಬಂದು ಮರಗಳ ಸೊಂಟಕ್ಕೆ ಹಗ್ಗ ಸುತ್ತುತ್ತಿದ್ದ. ಎಲ್ಲಕ್ಕಿಂತ ದಪ್ಪನೆಯದಕ್ಕೆ ಪಟ್ಟ. ಪಟ್ಟದ ಮರದ ಹತ್ತಿರ ಯಾರೂ ಕತ್ತಿ ಎತ್ತಕೂಡದು. ಆ ಪಟ್ಟ ಬಹುಕಾಲದಿಂದ ಒಂದು ನಂದಿಮರದ್ದಾಗಿತ್ತು. ಅದರ ಬುಡದಲ್ಲೇ ಕಾಡು ಕಾಯುವ ದ್ಯಾವಕ್ಕನ ಗುಡಿಸಲು. ಗೂಡಿನ ಕೇರಿಯಲ್ಲಿ ಎದೆ ಕಟ್ಟಿ ಸಾಯುವಂತಾಗಿದ್ದ ಮಗಳು ಸಿಂಗಾರಿಯನ್ನು ಅವಳು ಇಲ್ಲಿಗೆ ತಂದಿಟ್ಟುಕೊಂಡಿದ್ದಳು. ನಂದಿಯ ನೆರಳಲ್ಲಿ ಹುಡುಗಿ ಚೇತರಿಸಿಕೊಂಡಿದ್ದಳು.

ಒಂದು ದಿನ ಬಳ್ಳಿ ಬಂತು.

"ನನಗೆ ಬೆನ್ನೆಲುಬಿಲ್ಲ ಅಜ್ಜಾ, ಸ್ವಲ್ಪ ಹೆಗಲು ಕೊಡು."

"ಅದಕ್ಕೇನಂತೆ, ಬಾ," ಅಂದಿತು ನಂದಿ. ದೊಡ್ಡವರು ಅನ್ನಿಸಿಕೊಂಡವರಿಗೆ ಇಲ್ಲ ಅನ್ನಲು ನಾಲಿಗೆ ಹೊರಳುವುದಿಲ್ಲ ನೋಡಿ.

ಬಳ್ಳಿ ಸೊಂಟ ಸುತ್ತಿ ತೊಡೆಯಷ್ಟು ದಪ್ಪವಾಯಿತು. ನೆತ್ತಿಗೇರಿ ಎಲೆ ಹರಡಿ ಬಿಸಿಲನ್ನೆಲ್ಲ ತಾನೇ ಹೊದ್ದುಕೊಂಡಿತು. ಅದು ಕುಡಿದ ಹೊಗೆ ಬಹುಪಾಲು ಎಲೆಯಾಗುತ್ತಿತ್ತು, ಎಲೆ ಉದುರಿ ಕೊಳೆತು ಮತ್ತೆ ಹೊಗೆಯೇ. ಚೇಗು ಕಟ್ಟುವ ಉಸಾಬರಿ ಅದಕ್ಕೆ ಬೇಕಿರಲಿಲ್ಲ. ನಂದಿಗೆ ಮೈಯೆಲ್ಲ ಚಡಪಡಿಕೆ. ಹಸಿವು, ಭಾರ, ನಿಂತಲ್ಲಿ ನಿಲ್ಲಲಾಗದ ಸಂಕಟ. ಸಿಂಗಾರಿಗೆ ಮತ್ತೆ ಕೆಮ್ಮು ಹತ್ತಿತು.

ದ್ಯಾವಕ್ಕ ಕತ್ತಿ ಹಿಡಿದು ಬಂದಳು. "ಅಜ್ಜಾ, ಕಟ್ಟಳೆ ಹಾಳಾಗಿ ಹೋಗ್ಲಿ, ಇದನ್ನ ಕಡಿದುಬಿಡ್ತೀನಿ."

"ತಡಿ ಕಣಮ್ಮ, ಅಳತೆಯ ದಿನ ಹತ್ತಿರ ಬಂತು. ಕಡಿದರೆ ಸಣ್ಣ ಕಾಣ್ತೀನಿ."

"ನಿನ್ನ ದಪ್ಪ ಕಟ್ಕೊಂಡು ನಾನೇನು ಮಾಡ್ಲಿ? ಮಗಳಿಗೆ ಉಸಿರು ಸಿಗ್ತಿಲ್ಲ!"

"ಅಳತೆ ಒಂದು ಮುಗೀಲಿ."

ಅಯ್ಯೋ, ಅವಳು ಆ ಮಾತು ಕೇಳಬಾರದಿತ್ತು. ಕೇಳಿದಳು.

ಅಧಿಕಾರಿ ಬಂದ. ಮರವನ್ನೂ ಬಳ್ಳಿಯನ್ನೂ ಸೇರಿಸಿಯೇ ಹಗ್ಗ ಸುತ್ತಿದ. "ಭೇಷ್! ಎರಡು ಮೊಳ ಬೆಳೆದಿದೆ!"

"ಅದು ಬಳ್ಳಿ, ಸ್ವಾಮಿ," ಅಂದಳು ದ್ಯಾವಕ್ಕ.

"ಹಗ್ಗದೊಳಗೆ ಬಂದದ್ದೆಲ್ಲ ಮರವೇ," ಎಂದ ಆತ, ನಂದಿಗೆ ಮತ್ತೆ ಪಟ್ಟ ಕಟ್ಟಿದ. ಪಟ್ಟ ಸಿಕ್ಕಮೇಲೆ ಕಡಿಯುವ ಮಾತನ್ನು ನಂದಿಯೂ ಎತ್ತಲಿಲ್ಲ. ಕಾಡು ಇಷ್ಟು ಚೆನ್ನಾಗಿ ಕುಡಿಯುತ್ತಿದೆಯೆಂದು ಕೆಳಗೆ ಇನ್ನೂ ಹತ್ತು ಗೂಡು ಹೊತ್ತಿಸಲು ಅಪ್ಪಣೆಯಾಯಿತು. ಅಕ್ಕಪಕ್ಕದ ಮರಗಳು ಬಳ್ಳಿಯನ್ನು ಬಾ ಬಾ ಎಂದು ಕರೆದವು. ನೆತ್ತಿಗೆ ನೆತ್ತಿ ಬಿಗಿದುಕೊಂಡಿತು.

ಆಷಾಢದ ಗಾಳಿಗೆ ನಂದಿ ವಾಲಿತು. ಒಂದೇ ಬಿದ್ದಿದ್ದರೆ ಸರಿ, ಬಳ್ಳಿ ಬಿಗಿದ ಏಳು ಮರಗಳನ್ನು ಎಳೆದುಕೊಂಡು ಬಿತ್ತು. ನೂರು ವರ್ಷ ಬಚ್ಚಿಟ್ಟ ಹೊಗೆ ಕೊಳೆಯುವ ಚೇಗಿನಿಂದ ಮೆಲ್ಲನೆ ಹೊರಬರತೊಡಗಿತು. ಕೆಳಗೆ ಗೂಡುಗಳು ಉರಿಯುತ್ತಲೇ ಇದ್ದವು. ಸಿಂಗಾರಿ ಮುಂದಿನ ಅಳತೆಯ ದಿನ ನೋಡಲಿಲ್ಲ.

ಆ ದಿನ ಅಧಿಕಾರಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದ. ಬಿದ್ದ ಮರಗಳ ಮೇಲೆ ಬಳ್ಳಿ ಗುಡ್ಡದಂತೆ ಹಬ್ಬಿ ಹಸಿರಾಗಿತ್ತು. ಹಗ್ಗ ಅರ್ಧಕ್ಕೂ ಸಾಲಲಿಲ್ಲ. ಅವನ ಖುಷಿ ಹೇಳತೀರದು.

"ಇಂಥ ಸುತ್ತಳತೆ ನಮ್ಮ ತಾತನ ಕಾಲದಲ್ಲೂ ಇರಲಿಲ್ಲ! ಉದ್ದನೆ ಹಗ್ಗ ಬೇಕು. ದ್ಯಾವಕ್ಕ, ಕತ್ತಿ ತಗೊಂಬಾ. ಈ ಬಳ್ಳಿ ಗಟ್ಟಿಯಾಗಿದೆ, ಇದನ್ನೇ ಕಡಿದು ಹೊಸೆ."

ದ್ಯಾವಕ್ಕ ಒಳಗೆ ಹೋಗಿ ತುಕ್ಕು ಹಿಡಿದ ಕತ್ತಿ ತಂದಳು. ಕಡಿಯಲು ಶುರು ಮಾಡಿದವಳು ನಿಲ್ಲಿಸಲಿಲ್ಲ.

ಅಧಿಕಾರಿ ಕೆಮ್ಮುತ್ತ ಓಡಿ ಬಂದು ಅವಳ ಕೈ ಹಿಡಿದ.

"ಏಯ್, ಸಾಕು ಸಾಕು! ಎಲ್ಲ ಕಡಿದುಹಾಕಿದರೆ ಆಮೇಲೆ ಅಳೆಯೋದಾದರೂ ಏನನ್ನ?"